ಪಾಯಸಕ್ಕೆ ಮುಂಚೆ ಮಜ್ಜಿಗೆ ಬಡಿಸದ ಭಾವ

ನಮ್ಮ ಭಾವನಷ್ಟು ಒಳ್ಳೆಯವರು ಇಡೀ ತಿ. ನರಸೀಪುರದಲ್ಲೇ ಇಲ್ಲ ಅನ್ನುವುದು ನಮ್ಮ ಮನೆಯವರೆಲ್ಲ ಹೇಳುವ ಕಥೆ. ಸಾಕ್ಷ್ಯ ಕೇಳಿದರೆ ಎಲ್ಲರೂ ಒಂದೇ ವಿಷಯ ಹಿಡಿದುಕೊಂಡು ಬರುತ್ತಾರೆ. ದಪ್ಪ ಮೀಸೆಯ, ಗೊಬ್ಬರದಂಗಡಿಯ ಯಜಮಾನರಾದ ಅವರು ಭಾನುವಾರ ಬಂತೆಂದರೆ, ನಾದಿನಿಗೆ ಬೇಜಾರಾಗಬಾರದೆಂದು ಅವಳ ಜೊತೆ ಕಾರ್ಡಾಟಕ್ಕೆ ಕೂರುತ್ತಾರಂತೆ! ಎಂಥ ದೊಡ್ಡ ಮನಸ್ಸು ಎಂದು ನಮ್ಮಮ್ಮ ನಂಜನಗೂಡಿನ ನಮ್ಮ ಬೀದಿಗೆಲ್ಲ ಹಂಚಿ ಬಂದಿದ್ದಾಳೆ. ಆ ನಾದಿನಿ ನಾನೇ. ಈ ಕಥೆಗೆ ನನ್ನ ಆಕ್ಷೇಪಣೆ ಇದೆ.

ಮೊದಲನೆಯದಾಗಿ, ನನಗೆ ಬೇಜಾರಾಗಿದೆ ಎಂದು ಇವರಿಗೆ ಹೇಳಿದವರು ಯಾರು? ಎರಡನೆಯದಾಗಿ, ಇಬ್ಬರು ನೆಮ್ಮದಿಯಾಗಿ ಕೂತಿರುವ ಮೇಜಿಗೆ ಮೂರನೆಯವರೊಬ್ಬರು ಕುರ್ಚಿ ಎಳೆದುಕೊಂಡು ಬಂದರೆ ಅದನ್ನು ದೊಡ್ಡ ಮನಸ್ಸು ಅನ್ನಬೇಕೋ ಒತ್ತುವರಿ ಅನ್ನಬೇಕೋ? ನಾನು ಮೈಸೂರಿನಲ್ಲಿ ಕಾನೂನು ಓದುತ್ತಿರುವವಳು. ಸರ್ವೆ ಕಲ್ಲು ಕಿತ್ತು ಬೇಲಿ ಸರಿಸುವವರು ಎಷ್ಟು ನಯವಾಗಿ ನಗುತ್ತಾರೆ ಎಂಬುದು ನನಗೆ ಗೊತ್ತು.

ಆಟದ ವಿಷಯ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಇಸ್ಪೀಟು ಅಂದುಕೊಳ್ಳುತ್ತೀರಿ. ಇದು ಸೂಪರ್‌ಹೀರೋಗಳ ಆಟ. ಒಂದು ದೊಡ್ಡ ಪೆಟ್ಟಿಗೆ ತುಂಬ ಕಾರ್ಡುಗಳಿರುತ್ತವೆ. ನಾವು ಒಬ್ಬೊಬ್ಬರೂ ಒಬ್ಬ ಹೀರೋನನ್ನು ಆರಿಸಿಕೊಂಡು, ಅವನಿಗೆ ಬೇಕಾದ ಶಕ್ತಿ, ಆಯುಧ, ಜೊತೆಗಾರರ ಕಾರ್ಡುಗಳನ್ನು ಆ ರಾಶಿಯಿಂದ ಹೆಕ್ಕಿ ನಮ್ಮದೇ ಒಂದು ಕಟ್ಟು ಮಾಡಿಕೊಳ್ಳಬೇಕು. ಅದಕ್ಕೆ ಡೆಕ್ ಎನ್ನುತ್ತಾರೆ. ಎದುರಿಗೆ ಒಬ್ಬ ವಿಲನ್. ಅವನ ಕಡೆಯಿಂದ ಆಡಲು ಮನುಷ್ಯರಿಲ್ಲ. ಅವನ ಕಾರ್ಡುಗಳು ತಾವಾಗಿ ತಿರುಗಿ ಬಿದ್ದು ನಮ್ಮನ್ನು ಬಡಿಯುತ್ತವೆ. ಕೂತವರೆಲ್ಲ ಒಂದೇ ಪಕ್ಷ. ಗೆದ್ದರೆ ಎಲ್ಲರೂ ಗೆದ್ದ ಹಾಗೆ, ಊರು ಮುಳುಗಿದರೆ ಎಲ್ಲರೂ ಮುಳುಗಿದ ಹಾಗೆ.

ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ಮುಖ ನೋಡಿಯೇ ಊಟ ಅರಗಿಸಿಕೊಂಡ ನನಗೆ ಎದುರಾಳಿಯೇ ಇಲ್ಲದ ಆಟ ಹೇಗೆ ಹಿಡಿಸಿತು ಅಂತೀರಾ? ಅಕ್ಕ ಇದ್ದಳಲ್ಲ, ಅದಕ್ಕೆ. ಪೆಟ್ಟಿಗೆಯನ್ನು ತಂದದ್ದು ನಾವಿಬ್ಬರೂ ಸೇರಿ. ಅಕ್ಕ ಆಗ ನಂಜನಗೂಡಿನಲ್ಲೇ ಹೈಸ್ಕೂಲ್ ಟೀಚರ್. ಸಂಜೆ ಉತ್ತರಪತ್ರಿಕೆಗಳನ್ನು ಪಕ್ಕಕ್ಕೆ ತಳ್ಳಿ ನಿಯಮದ ಪುಸ್ತಕ ಬಿಚ್ಚುತ್ತಿದ್ದಳು. ನಾನು ಹೊಡೆಯುವವಳು, ಅವಳು ಯೋಚಿಸುವವಳು. ನಿಯಮದ ವಿಷಯದಲ್ಲಿ ಅವಳಷ್ಟು ಕಟ್ಟುನಿಟ್ಟಿನವರು ಹೈಕೋರ್ಟಿನಲ್ಲೂ ಸಿಗುವುದಿಲ್ಲ. ಒಮ್ಮೆ ಕಾರ್ಡು ಕೆಳಗಿಟ್ಟು ತಕ್ಷಣ ವಾಪಸ್ ತೆಗೆದುಕೊಳ್ಳಲು ಹೋದರೆ ನನ್ನ ಬೆರಳ ಮೇಲೆ ಕೆಂಪು ಪೆನ್ನಿನಿಂದ ಹೊಡೆದಿದ್ದಳು. ನಮ್ಮಿಬ್ಬರ ನಡುವೆ ಆ ಪೆಟ್ಟಿಗೆ ಇದ್ದಾಗ ಮನೆಗೆ ನೆಂಟರು ಬಂದರೂ ನಮಗೆ ತಿಳಿಯುತ್ತಿರಲಿಲ್ಲ.

ಮದುವೆಯಾಯಿತು. ಅಕ್ಕನ ಸಾಮಾನಿನ ಜೊತೆ, ಕುಕ್ಕರಿಗೂ ದೀಪಾಲೆ ಕಂಬಕ್ಕೂ ನಡುವೆ, ಆ ಪೆಟ್ಟಿಗೆಯೂ ನರಸೀಪುರಕ್ಕೆ ಹೋಯಿತು. ನಾನು ವಾದ ಮಾಡಿದೆ. ಜಂಟಿ ಸ್ವತ್ತು ಎಂದೆ. ನಮ್ಮಪ್ಪ, ಇನ್ನೊಂದು ಪೆಟ್ಟಿಗೆ ಕೊಡಿಸುತ್ತೇನೆ, ಸುಮ್ಮನಿರು ಎಂದ. ಇನ್ನೊಬ್ಬ ಅಕ್ಕನನ್ನೂ ಕೊಡಿಸುತ್ತೀಯಾ ಎಂದು ಕೇಳಬೇಕೆಂದಿದ್ದೆ. ಮದುವೆಮನೆ, ಬಾಯಿ ಮುಚ್ಚಿಕೊಂಡೆ. ಕೊನೆಗೆ ರಾಜಿಯಾದದ್ದು ಹೀಗೆ: ಪೆಟ್ಟಿಗೆ ಅಲ್ಲಿ, ನಾನು ಇಲ್ಲಿ, ಭಾನುವಾರ ಬಸ್ಸು ಹತ್ತಿ ಹೋಗಿ ಆಡಿ ಬರುವುದು. ಗಂಡ ಹೆಂಡತಿ ಬೇರೆಯಾದರೆ ಮಗುವನ್ನು ನೋಡಲು ವಾರಕ್ಕೊಂದು ದಿನ ಕೊಡುತ್ತಾರಲ್ಲ, ಅದೇ ಲೆಕ್ಕ.

ಮೊದಮೊದಲು ಭಾವ ನಮ್ಮ ತಂಟೆಗೆ ಬರಲಿಲ್ಲ. ಕಾಫಿ ತಂದಿಡುತ್ತಿದ್ದರು, ಚುರುಮುರಿ ತಂದಿಡುತ್ತಿದ್ದರು, ಬಾಗಿಲಿಗೆ ಒರಗಿ ನೋಡುತ್ತಿದ್ದರು. ಅವರ ತಾಯಿ ಮಾತ್ರ ಮನೆಯೊಳಗೆ ಕಾರ್ಡು ಕಂಡು ಗಾಬರಿಯಾಗಿದ್ದರು. ಇದು ಜೂಜಲ್ಲ, ದುಷ್ಟನೊಬ್ಬನನ್ನು ಎಲ್ಲರೂ ಸೇರಿ ಸಂಹಾರ ಮಾಡುವುದು ಎಂದು ಅಕ್ಕ ವಿವರಿಸಿದ ಮೇಲೆ ಸಮಾಧಾನವಾಯಿತು. ಸಮಾಧಾನ ಅಂದರೆ ಎಂಥ ಸಮಾಧಾನ! ಅವತ್ತಿನಿಂದ ಅಡುಗೆಮನೆಯಿಂದಲೇ ಯುದ್ಧದ ವರ್ತಮಾನ ಕೇಳಲು ಶುರು ಮಾಡಿದರು.

"ಸತ್ನೇನವ್ವಾ ಆ ರಾಕ್ಷಸ?"

"ಇನ್ನೂ ಇಲ್ಲ ಅಜ್ಜಿ."

"ಓದ್ವಾರನೂ ಸಾಯ್ಲಿಲ್ಲ. ಸರ್ಯಾಗಿ ಊಟ ಮಾಡ್ಬುಟ್ಟು ಒಡೀರಿ."

ಒಂದು ಭಾನುವಾರ ಭಾವ ಬಾಗಿಲು ಬಿಟ್ಟು ಒಳಗೆ ಬಂದರು. ಈ ಪೆಟ್ಟಿಗೆಯಲ್ಲಿ ಯಾರೂ ಮುಟ್ಟದ ಹೀರೋ ಯಾರಮ್ಮ ಎಂದು ಕೇಳಿದರು. ನನ್ನೊಳಗಿನ ಕೇಡಿ ಎದ್ದು ಕೂತಿತು. ಆ ಪೆಟ್ಟಿಗೆಯಲ್ಲಿ ಒಬ್ಬನಿದ್ದಾನೆ; ಬೂದು ಬಣ್ಣದ ಮೇಲಂಗಿ, ಕಣ್ಣ ಕೆಳಗೆ ಗೆರೆ, ನೋಡಿದರೆ ಸಹಕಾರ ಸಂಘದ ಕಾರ್ಯದರ್ಶಿಯ ಹಾಗಿದ್ದಾನೆ. ಹಾರುವುದಿಲ್ಲ, ಬೆಂಕಿ ಉಗುಳುವುದಿಲ್ಲ. ಪಕ್ಕದವರ ಗಾಯ ಸ್ವಲ್ಪ ವಾಸಿ ಮಾಡುತ್ತಾನೆ, ಅಷ್ಟೇ. ಅವನನ್ನೇ ತೆಗೆದು ಕೊಟ್ಟೆ. ಒಂದು ಸಲ ಸೋತು ಅಂಗಡಿ ಕಡೆ ಹೋಗುತ್ತಾರೆ ಎಂಬ ಲೆಕ್ಕಾಚಾರ. ಭಾವ ಆ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, "ಪಾಪ, ಇವನು ನಮ್ಮೋನು ಕಣಮ್ಮ" ಅಂದರು. ಮುಗಿಯಿತು ನನ್ನ ಕಥೆ!

ಡೆಕ್ ಕಟ್ಟುವುದಕ್ಕೆ ಲೋಕದಲ್ಲಿ ಒಂದು ಸರಳ ತರ್ಕವಿದೆ. ಜೋರಾದ ಕಾರ್ಡು ಹಾಕು, ಸಪ್ಪೆ ಕಾರ್ಡು ತೆಗಿ. ನಮ್ಮ ಭಾವನಿಗೆ ಅದು ಹಿಡಿಸಲಿಲ್ಲ. ಅವರಿಗೆ ಥೀಮ್ ಬೇಕು. ಡೆಕ್ ಎಂದರೆ ಒಂದು ಸಂಸಾರ, ಸಂಸಾರಕ್ಕೆ ಒಂದು ರೀತಿ ಇರಬೇಕು ಎಂಬುದು ಅವರ ಸಿದ್ಧಾಂತ. ಒಳ್ಳೆಯ ಫಿರಂಗಿಯಂಥ ಕಾರ್ಡು ಕೈಗೆ ಕೊಟ್ಟರೆ, "ಇದನ್ನ ಇವನು ಮನೇಲಿ ಇಟ್ಕೊಳ್ಳೋ ಪೈಕಿನಾ?" ಎಂದು ಆ ಬೂದು ಹೀರೋನ ಪರವಾಗಿ ವಾಪಸ್ ಕೊಡುತ್ತಿದ್ದರು. ಫಿರಂಗಿಗೂ ಹೀರೋಗೂ ಜಾತಕ ನೋಡುವ ಮನುಷ್ಯನ ಜೊತೆ ಏನು ವಾದ ಮಾಡುತ್ತೀರಿ?

ಅವರ ಮೊದಲನೆಯ ಡೆಕ್ ಬೇಸಾಯದ ಡೆಕ್. ಗೊಬ್ಬರದಂಗಡಿಯವರಲ್ಲವೇ! ಈಗ ಹಾಕಿದರೆ ಎಷ್ಟೋ ಸುತ್ತು ಕಳೆದ ಮೇಲೆ ಫಲ ಕೊಡುವ ಕಾರ್ಡುಗಳನ್ನೇ ಹುಡುಕಿ ಹುಡುಕಿ ಸೇರಿಸಿದ್ದರು. ವಿಲನ್ ಊರಿನ ಸೇತುವೆ ಬೀಳಿಸಿದ, ಆಸ್ಪತ್ರೆಗೆ ಬೆಂಕಿ ಇಟ್ಟ. ಏನಾದರೂ ಮಾಡಿ ಭಾವ ಎಂದು ನಾನು ಗೋಗರೆದರೆ, "ಸ್ವಲ್ಪ ತಡಿಯಮ್ಮ, ಈಗ ತಾನೇ ಬಿತ್ತಿದ್ದೀನಿ" ಎನ್ನುತ್ತಾರೆ. ತೆನೆ ಕಟ್ಟುವ ಹೊತ್ತಿಗೆ ಊರೇ ಇರಲಿಲ್ಲ.

ಸೋತವರು ಅಂಗಡಿಗೆ ಹೋದರು ನಿಜ, ಆದರೆ ಕಾರ್ಡುಗಳನ್ನೂ ಜೊತೆಗೆ ಒಯ್ದರು! ತರಕಾರಿ ಬೀಜ ತುಂಬುವ ಪ್ಲಾಸ್ಟಿಕ್ ಕವರು ಅಂಗಡಿಯಲ್ಲಿ ರಾಶಿ ಇತ್ತು. ಒಂದೊಂದು ಕಾರ್ಡಿಗೂ ಒಂದೊಂದು ಕವರು ತೊಡಿಸಿದರು. ಇವತ್ತಿಗೂ ನಮ್ಮ ಸೂಪರ್‌ಹೀರೋಗಳು ಆಕಾಶದಿಂದ ಇಳಿದರೆ ಬೇವಿನಹಿಂಡಿಯ ವಾಸನೆ ಬರುತ್ತದೆ. ಯೂರಿಯಾ ಚೀಲಗಳ ಮೇಲೆ ಕಾರ್ಡು ಹರಡಿಕೊಂಡು ಕೂತಿದ್ದಾಗ ಹೆಮ್ಮಿಗೆಯ ರೈತರೊಬ್ಬರು ಬಂದರಂತೆ.

"ಏನ್ ಸಾ ಇದು, ಲಾಟ್ರಿಯಾ?"

"ಅಲ್ಲ ಕಣಯ್ಯ, ಊರು ಉಳಿಸೋ ಆಟ."

"ಯಾವೂರು ಸಾ?"

"ಅಮೇರಿಕದಲ್ಲಿ ಎಲ್ಲೋ."

"ಅದು ಅಂಗಿರ್ಲಿ, ನಮ್ ಬೋರಿನ ಮೋಟ್ರು ಸುಟ್ಟೋಗದೆ. ಮೊದ್ಲು ಅದ್ಕೊಂದು ದಾರಿ ಏಳಿ ಸಾ."

ಭಾವ ಕಾರ್ಡು ಅಲ್ಲೇ ಬಿಟ್ಟು ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಹೋದರಂತೆ. ಈ ಕಥೆಯನ್ನು ನನಗೆ ಹೇಳಿದವಳು ಅಕ್ಕ. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಯಾಕೆಂದರೆ ಆ ನಗು ನನ್ನದು. ಚಿಕ್ಕಂದಿನಿಂದ ಅಕ್ಕನನ್ನು ಹಾಗೆ ನಗಿಸುತ್ತಿದ್ದವಳು ಈ ಭೂಮಿಯ ಮೇಲೆ ನಾನೊಬ್ಬಳೇ. ಹೊಟ್ಟೆಕಿಚ್ಚು ಅಂತೀರಾ? ಹೌದು, ಒಪ್ಪಿಕೊಳ್ಳುತ್ತೇನೆ. ಸಾಕ್ಷ್ಯ ಇಷ್ಟು ಬಲವಾಗಿರುವಾಗ ಅಲ್ಲಗಳೆಯುವುದು ವಕೀಲರಿಗೆ ಶೋಭೆಯಲ್ಲ.

ಆಮೇಲೆ ಬಂತು ನೋಡಿ ಪಂಕ್ತಿ ಡೆಕ್! ಭಾವ ಸೋಮವಾರಗಳಲ್ಲಿ ಮಠದ ದಾಸೋಹಕ್ಕೆ ಬಡಿಸಲು ಹೋಗುತ್ತಾರೆ. ಪಂಚೆ ಎತ್ತಿ ಕಟ್ಟಿ, ಸಾರಿನ ಬಕೆಟ್ಟು ಹಿಡಿದು ಸಾಲಿನ ಮೇಲೆ ಸಾಲು ಓಡುವುದೆಂದರೆ ಅವರಿಗೆ ಹಬ್ಬ. ಆ ಪಂಕ್ತಿಯನ್ನೇ ಡೆಕ್ ಮಾಡಿದರು. ಹೊಡೆಯುವ ಕಾರ್ಡು ಒಂದೂ ಇಲ್ಲ. ಇರುವುದೆಲ್ಲ ಪಕ್ಕದವರಿಗೆ ಕೊಡುವ ಕಾರ್ಡು: ಗಾಯ ವಾಸಿ ಮಾಡುವುದು, ದಣಿದ ಹೀರೋನನ್ನು ಮತ್ತೆ ಎಬ್ಬಿಸುವುದು, ನಮ್ಮ ಕೈಗೆ ಇನ್ನೊಂದು ಕಾರ್ಡು ದೊರಕಿಸುವುದು. ಹಾಗಾದರೆ ಹೊಡೆಯುವವರು ಯಾರು ಎಂದು ಕೇಳಿದೆ. ನೀವಿಬ್ಬರು ಇದ್ದೀರಲ್ಲ ಎಂದರು. ಅವರ ಹೀರೋ ಏಟು ತಿಂದು ಸಾಯುವ ಹಾಗಿದ್ದರೂ ತನಗೆ ತಾನು ಮದ್ದು ಹಾಕಿಕೊಳ್ಳುವುದಿಲ್ಲ. ಬಡಿಸುವವನು ಮೊದಲು ಉಣ್ಣಬಾರದಂತೆ!

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಅವರು ಪ್ರತಿ ಕಾರ್ಡಿಗೂ ಒಂದೊಂದು ಪದಾರ್ಥದ ಸ್ಥಾನ ಕೊಟ್ಟಿದ್ದರು. ಇದು ಉಪ್ಪು, ಇದು ಪಲ್ಯ, ಇದು ಅನ್ನ ಸಾರು, ಇದು ಪಾಯಸ, ಕೊನೆಗೆ ಮಜ್ಜಿಗೆ. ಆಡುವುದೂ ಅದೇ ಕ್ರಮದಲ್ಲಿ. ಒಂದು ಭಾನುವಾರ ವಿಲನ್ ಮುಗಿಯಲು ಕೂದಲೆಳೆಯಷ್ಟು ಬಾಕಿ. ನನ್ನ ಹೀರೋ ದಣಿದು ಬಿದ್ದಿದ್ದಾನೆ. ಅವನನ್ನು ಎಬ್ಬಿಸುವ ಕಾರ್ಡು ಭಾವನ ಕೈಯಲ್ಲಿದೆ, ನನಗೆ ಕಾಣುತ್ತಿದೆ. ಹಾಕಿ ಭಾವ ಎಂದೆ. ಅವರು ಸಂಕಟದಿಂದ ತಲೆಯಾಡಿಸಿದರು.

"ಅದು ಮಜ್ಜಿಗೆ ಕಣಮ್ಮ. ಇನ್ನೂ ಪಾಯಸವೇ ಬಂದಿಲ್ಲ."

"ಭಾವ, ಊರು ಮುಳುಗ್ತಾ ಇದೆ."

"ಮುಳುಗ್ಲಿ. ಪಾಯಸಕ್ಕೆ ಮುಂಚೆ ಮಜ್ಜಿಗೆ ಬಡಿಸಿದ್ರೆ ಜನ ಊಟ ಮುಗೀತು ಅಂತ ಎದ್ದೋಗ್ತಾರೆ."

ಯಾವ ಜನ? ಎಲ್ಲಿಯ ಊಟ? ಊರು ಮುಳುಗಿತು. ನಾನು ನಿಯಮದ ಪುಸ್ತಕ ಎತ್ತಿಕೊಂಡು, ಕೈಯಲ್ಲಿರುವ ಕಾರ್ಡನ್ನು ಯಾವ ಕ್ರಮದಲ್ಲಾದರೂ ಆಡಬಹುದೆಂಬ ಸಾಲನ್ನು ಅಕ್ಕನ ಮುಂದೆ ಹಿಡಿದೆ. ನನ್ನ ಬೆರಳಿಗೆ ಕೆಂಪು ಪೆನ್ನಿನಿಂದ ಹೊಡೆದ ಅಕ್ಕ, ಹೈಕೋರ್ಟಿಗೆ ಪಾಠ ಹೇಳಬಲ್ಲ ಅಕ್ಕ, ಏನು ತೀರ್ಪು ಕೊಟ್ಟಳು ಗೊತ್ತಾ? "ಹೋಗ್ಲಿ ಬಿಡೇ, ಆಟ ತಾನೇ." ಹಾಗಂದು ಮೇಜಿಗೆ ಹಣೆ ಹಚ್ಚಿ ನಗತೊಡಗಿದಳು. ಅಡುಗೆಮನೆಯಿಂದ ಅಜ್ಜಿಯ ಧ್ವನಿ ಬಂತು: ಪಾಯಸ ಬೇಕಿತ್ತಾ, ಮೊದಲೇ ಹೇಳಬಾರದಿತ್ತಾ ಎಂದು.

ನಾನು ಒಂದು ವಾರ ಕೂತು ಡೆಕ್ ಕಟ್ಟಿದೆ. ಕ್ಲಾಸಿನಲ್ಲಿ ಕೂತಾಗಲೂ ಅದೇ ಯೋಚನೆ. ಬರೀ ಏಟು, ಏಟಿನ ಮೇಲೆ ಏಟು, ಮಧ್ಯದಲ್ಲಿ ಉಸಿರು ತೆಗೆದುಕೊಳ್ಳಲೂ ಜಾಗವಿಲ್ಲ. ಯಾರ ಉಪ್ಪೂ ಬೇಡ, ಯಾರ ಮಜ್ಜಿಗೆಯೂ ಬೇಡ ಎಂದು ಮೇಜಿನ ಮೇಲೆ ಸಾಬೀತು ಮಾಡುವುದು ನನ್ನ ಉದ್ದೇಶ. ಸಾಬೀತೂ ಮಾಡಿದೆ. ಭಾವ ಪಲ್ಯದ ಹಂತದಲ್ಲಿದ್ದಾಗಲೇ ವಿಲನ್ ನೆಲಕ್ಕೆ ಬಿದ್ದ. ನಾನು ಕುರ್ಚಿಗೆ ಒರಗಿ ಅಕ್ಕನ ಕಡೆ ನೋಡಿದೆ. ಚೆನ್ನಾಗಿತ್ತು ಅಂದಳು. ಅಂದು, ಅನ್ನಕ್ಕಿಡಬೇಕು ಎಂದು ಎದ್ದು ಹೋದಳು. ಭಾವ ಮಾತ್ರ, ಎಷ್ಟು ಬೇಗ ಮುಗೀತಲ್ಲಮ್ಮ ಎಂದು ನಿಜವಾಗಿಯೂ ಸಂತೋಷಪಟ್ಟು ಕಾರ್ಡುಗಳನ್ನು ಜೋಡಿಸಿಟ್ಟರು. ವಿರೋಧ ಪಕ್ಷದವರು ನಮ್ಮ ಗೆಲುವಿಗೆ ಸಂತೋಷಪಟ್ಟರೆ ಆ ಗೆಲುವನ್ನು ಮನೆಗೆ ಹೇಗೆ ತೆಗೆದುಕೊಂಡು ಹೋಗುವುದು, ಹೇಳಿ! ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೂ ನಾನು ಹೊರಗೆ ನೋಡಲಿಲ್ಲ.

ಇಷ್ಟರಲ್ಲಿ ಅಕ್ಕ ಬಸುರಿಯಾದಳು. ಸೀಮಂತ ಮಾಡಿಕೊಂಡು ಅವಳನ್ನು ಬಾಣಂತನಕ್ಕೆ ನಂಜನಗೂಡಿಗೆ ಕರೆತರುವುದೆಂದು ಹಿರಿಯರು ಮಾತಾಡಿಕೊಂಡರು. ಎಲ್ಲರಿಗೂ ಮಗು ಬರುವ ಸಂತೋಷ. ನನಗೂ ಇತ್ತು, ಆದರೆ ಅದರ ಕೆಳಗೆ ಇನ್ನೊಂದು ಸಂತೋಷ ಬಚ್ಚಿಟ್ಟುಕೊಂಡಿತ್ತು. ತಿಂಗಳುಗಟ್ಟಲೆ ಅಕ್ಕ ನಮ್ಮ ಮನೆಯಲ್ಲಿ! ಅವಳ ಜೊತೆ ಪೆಟ್ಟಿಗೆಯೂ ಬರಬೇಕು ಎಂಬುದಕ್ಕೆ ವಾದದ ಅಂಶಗಳನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡೆ. ಜಂಟಿ ಸ್ವತ್ತು ಒಂದು. ಬಸುರಿಯ ಮನಸ್ಸಂತೋಷ ಇನ್ನೊಂದು. ಭಾವ ಏನಾದರೂ ಮೊಂಡು ಹಿಡಿದರೆ ಬೇಸಾಯದ ಡೆಕ್ಕಿನ ಇತಿಹಾಸ ತೆಗೆಯುವುದು.

ಸೀಮಂತ ಭಾನುವಾರವೇ ಇತ್ತು. ಊಟವಾಗಿ ನೆಂಟರೆಲ್ಲ ಕರಗಿದರು. ಅಪ್ಪ ತಂದಿದ್ದ ಬಾಡಿಗೆ ಕಾರು ಬಾಗಿಲಲ್ಲಿ ನಿಂತಿತ್ತು. ಆದರೆ ಭಾನುವಾರದ ಸಂಜೆಯ ರಾಹುಕಾಲ ಕಳೆಯದೆ ಬಸುರಿಯನ್ನು ಹೊಸ್ತಿಲು ದಾಟಿಸುವುದಿಲ್ಲ ಎಂದು ಅಜ್ಜಿ ಕೂತುಬಿಟ್ಟರು. ನನಗೆ ರಾಹುಕಾಲದಲ್ಲಿ ನಂಬಿಕೆಯಿಲ್ಲ, ಬೇರೆ ದಿನವಾಗಿದ್ದರೆ ವಾದಕ್ಕೆ ಇಳಿಯುತ್ತಿದ್ದೆ. ಅಷ್ಟರಲ್ಲಿ ಭಾವ, ಅಲ್ಲೀವರೆಗೂ ಒಂದಾಟ ಆಡೋಣ್ವಾ ಎಂದು ಪೆಟ್ಟಿಗೆ ತಂದಿಟ್ಟರು. ಅಕ್ಕ ರೇಷ್ಮೆ ಸೀರೆ, ಕೈತುಂಬ ಹಸಿರು ಬಳೆಯಲ್ಲೇ ಕೂತಳು. ಕಾರ್ಡು ಎಳೆದಾಗಲೆಲ್ಲ ಬಳೆ ಸದ್ದು.

ಆಟ ಕೊನೆಗೆ ಬಂತು. ವಿಲನ್ನನ್ನು ಮುಗಿಸುವ ಕಾರ್ಡುಗಳು ಅಕ್ಕನ ಕೈಯಲ್ಲಿದ್ದವು. ಅವಳ ಸರದಿ ಬರುವುದೊಂದೇ ಬಾಕಿ. ಅದಕ್ಕೂ ಮುಂಚೆ ವಿಲನ್ನಿನ ಎರಡು ಏಟು ಬೀಳಬೇಕು: ಒಂದು ನನ್ನ ಮೇಲೆ, ಆಮೇಲೊಂದು ಅಕ್ಕನ ಮೇಲೆ. ಇಬ್ಬರ ಹೀರೋಗಳಲ್ಲೂ ಒಂದೇಟು ತಡೆಯುವ ಜೀವವಿರಲಿಲ್ಲ. ಭಾವನ ಕೈಯಲ್ಲಿ ಉಳಿದಿದ್ದದ್ದು ಒಂದೇ ಕಾರ್ಡು, ಪಕ್ಕದವರ ಏಟಿಗೆ ತಾನು ಅಡ್ಡ ನಿಲ್ಲುವುದು. ಅಷ್ಟರಲ್ಲಿ ತುಪ್ಪದ ಡಬ್ಬಿ ಯಾವ ಚೀಲಕ್ಕೆ ಹಾಕಬೇಕು ಎಂದು ಅಜ್ಜಿ ಕರೆದರು. ಈಗ ಬಂದೆ ಎಂದು ಅಕ್ಕ ಕಾರ್ಡುಗಳನ್ನು ಕವುಚಿಟ್ಟು ಒಳಗೆ ಹೋದಳು.

ವಿಲನ್ನಿನ ಮೊದಲನೆಯ ಕಾರ್ಡು ತಿರುಗಿಸಿದೆ. ಏಟು ನನ್ನ ಮೇಲೆ ಬಂತು. ಭಾವ ತಮ್ಮ ಕಾರ್ಡು ಕೆಳಗಿಟ್ಟು ನನಗೆ ಅಡ್ಡ ನಿಂತರು.

ನಾನು ಎಗರಿಬಿದ್ದೆ. ಇದು ತರ್ಕವೇ ಅಲ್ಲ, ನನ್ನನ್ನು ಸಾಯಲು ಬಿಡಬೇಕು, ಆ ಕಾರ್ಡನ್ನು ಅಕ್ಕನಿಗೆ ಉಳಿಸಬೇಕು, ಅಕ್ಕ ಉಳಿದರೆ ಗೆಲ್ಲುತ್ತೇವೆ, ನಾನು ಉಳಿದರೆ ಯಾರಿಗೇನು ಪ್ರಯೋಜನ ಎಂದು ನನ್ನ ಸಾವಿನ ಪರವಾಗಿ ಎಲ್ಲ ಅಂಶಗಳನ್ನೂ ಮಂಡಿಸಿದೆ. ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ವಾದ ಮಾಡಿರಲಿಲ್ಲ. ಭಾವ ಪೂರ್ತಿ ಕೇಳಿಸಿಕೊಂಡರು. ಒಳಗೆ ಅಕ್ಕನ ಬಳೆ ಸದ್ದು ಕೇಳಿಸುತ್ತಿತ್ತು. ಅವರು ಧ್ವನಿ ತಗ್ಗಿಸಿದರು.

"ನೀನು ಔಟಾದ್ರೆ ಅವಳು ಕಾರ್ಡು ಕೆಳಗಿಡ್ತಾಳೆ ಕಣಮ್ಮ. ನಿನಗೆ ಗೊತ್ತಿಲ್ಲ. ಪರೀಕ್ಷೆ ಅಂತ ನೀನು ಬರದೇ ಇದ್ಯಲ್ಲ, ಆವಾಗ ನಾನು ಕೇಳಿದ್ದೀನಿ, ನಾವಿಬ್ರೇ ಆಡೋಣ್ವಾ ಅಂತ. ಅವಳು ಬರ್ಲಿ, ಅಂತಾಳೆ. ಮದುವೆಯಾದಾಗಿಂದ ನಾವಿಬ್ರೇ ಈ ಪೆಟ್ಟಿಗೆ ತೆಗೆದಿದ್ದೇ ಇಲ್ಲ."

ಅವರು ಆ ಬೂದು ಹೀರೋನ ಕವರನ್ನು ಹೆಬ್ಬೆರಳಿನಿಂದ ಒರೆಸುತ್ತಾ ಕೂತಿದ್ದರು.

"ಅದಕ್ಕೇ ಬಡಿಸೋ ಡೆಕ್ ಮಾಡಿದ್ದು. ಸಾಲು ತುಂಬಿದ್ಮೇಲೆ ಬಂದೋನಿಗೆ ಎಲೆ ಹಾಕಲ್ಲ. ಬಕೆಟ್ ಹಿಡ್ಕೊಂಡು ನಿಂತ್ರೆ ಯಾರೂ ಹೊರಗೆ ಹೋಗು ಅನ್ನಲ್ಲ ನೋಡು."

ಅಕ್ಕ ಬಂದಳು. ವಿಲನ್ನಿನ ಎರಡನೆಯ ಏಟು ಅವಳ ಮೇಲೆ ಬಿತ್ತು. ಆಟ ಮುಗಿಯಿತು, ಊರು ಎಂದಿನ ಹಾಗೆ ಮುಳುಗಿತು. ರೀ, ಒಂದು ಕಾರ್ಡೂ ಉಳಿಸಿಕೊಳ್ಳಲಿಲ್ಲವಾ ನನಗೆ ಎಂದು ಅಕ್ಕ ಗಂಡನನ್ನು ಗದರಿದಳು. ಅವರು ತಲೆ ಕೆರೆದುಕೊಂಡರು. ಇವಳಾದರೂ ಹೇಳಬಾರದಿತ್ತಾ ಎಂದು ನನ್ನ ಕಡೆ ತಿರುಗಿದಳು. ನಾನು ವಿಲನ್ನಿನ ಕಾರ್ಡುಗಳನ್ನು ಜೋಡಿಸತೊಡಗಿದೆ. ನಾನು ವಾದಕ್ಕಿಳಿಯದ್ದನ್ನು ಕಂಡು ಅಕ್ಕ, ಹುಷಾರಿಲ್ಲವಾ ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ರಾಹುಕಾಲ ಕಳೆಯಿತು. ಅಜ್ಜಿ ಸೊಸೆಗೆ ದೃಷ್ಟಿ ತೆಗೆದರು, ಕಣ್ಣು ಒರೆಸಿಕೊಂಡರು, ಅಲ್ಲಿಯೂ ಆ ರಾಕ್ಷಸನನ್ನು ಸುಮ್ಮನೆ ಬಿಡಬೇಡಿ ಎಂದರು. ಅಕ್ಕ ಮುಂದಿನ ಸೀಟಿನಲ್ಲಿ ಕೂತಳು, ನಾನು ಹಿಂದೆ, ಚೀಲಗಳ ನಡುವೆ. ಬಾಯಿಪಾಠ ಮಾಡಿದ್ದ ವಾದ ನಾಲಿಗೆಯ ಮೇಲೇ ಇತ್ತು, ಆದರೆ ಅದನ್ನು ಕೇಳುವವರೇ ಇರಲಿಲ್ಲ. ಭಾವ ತಾವಾಗಿಯೇ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದು ತಂದು ನನ್ನ ತೊಡೆಯ ಮೇಲಿಟ್ಟರು. ಮುಚ್ಚಳ ತೆಗೆದು ನೋಡಿದೆ. ಅವರ ಡೆಕ್ಕೂ ಅದರಲ್ಲೇ ಇತ್ತು. ಇದು ನಿಮ್ಮ ಹತ್ತಿರ ಇರಲಿ ಭಾವ ಎಂದೆ. ಒಬ್ಬನೇ ಇದ್ದರೆ ಅದು ನಡೆಯುವುದಿಲ್ಲ ಎಂದರು. ಅಂದು, ಮುಂದಿನ ಬಾಗಿಲ ಬಳಿ ಹೋಗಿ, ಅಕ್ಕನ ಸೆರಗು ಬಾಗಿಲಿಗೆ ಸಿಕ್ಕದಂತೆ ಒಳಗೆ ಸರಿಸಿ ಬಾಗಿಲು ಹಾಕಿದರು. ಅಕ್ಕ ಏನೋ ಹೇಳಿದಳು, ಅವರು ಹೂಂ ಅಂದರು. ಕಾರು ಶುರುವಾಯಿತು.

ನಾನು ಕಿಟಕಿಯ ಗಾಜು ಇಳಿಸಿದೆ. ಅವರು ಕಾರಿನ ಪಕ್ಕದಲ್ಲೇ ನಾಲ್ಕು ಹೆಜ್ಜೆ ನಡೆದು ಬರುತ್ತಿದ್ದರು, ಮೀಸೆಯ ಕೆಳಗೆ ಅದೇ ನಗು.

"ಭಾವ, ಪ್ರತಿ ಭಾನುವಾರ ನಾನು ಬಸ್ಸಿಳಿದು ನಿಮ್ಮ ಮನೆಗೆ ಬರ್ತಿದ್ದೆನಲ್ಲ, ನಿಮಗೆ ನನ್ನ ಮೇಲೆ ಹೊಟ್ಟೆಕಿಚ್ಚಾಗ್ತಿತ್ತಾ?"